ಏಳು ಮಿರ್ಚಿ

ಬೆಳಗ್ಗೆಯಿಂದ ಫಾರ್ಮಕಾಲಜಿ ಓದಿ ತಲೆ ಕೆಟ್ಟು, ಸಂಜೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋಗಿದ್ದೆ.

"ಏನವ್ವಾ, ಡಾಕ್ಟ್ರಾಗಿ ಬಂದಿ, ಇನ್ನೂ ಏನ್ ಓದ್ತೀ?" ಅಂದರು ಅಂಗಡಿ ಅಜ್ಜ.

ಎಫ್‌ಎಂಜಿಇ ಅಜ್ಜ. ಹೊರದೇಶದಲ್ಲಿ ಓದಿದವರಿಗೆ ಇಡೋ ಪರೀಕ್ಷೆ. 300 ಪ್ರಶ್ನೆ, 150 ಸರಿ ಇದ್ದರೆ ಪಾಸ್.

"ಅಷ್ಟೇನಾ! ಅರ್ಧಕ್ಕರ್ಧ!"

ಆ ಅರ್ಧವೇ ಅಲ್ವಾ ಸಿಗದೇ ಇರೋದು. ಹೋದ ಸಲ ನನಗೆ ಬಂದದ್ದು 143. ತಪ್ಪು ಬರೆದರೆ ಅಂಕ ಕಳೆಯಲ್ಲ ಅಂತ ಒಂದೂ ಬಿಟ್ಟಿರಲಿಲ್ಲ. ಆದರೂ ಏಳು ಕಮ್ಮಿ.

ಸುಮ್ನೆ ಬಾಣಲೆ ನೋಡ್ತಾ ನಿಂತೆ. ಹಿಟ್ಟು ಮೆತ್ತಿದ ಮೆಣಸಿನಕಾಯಿ ಮುಳುಗಿ, ಗುಳುಗುಳು ಅಂತ ಮೇಲೆ ಬರ್ತಿದ್ದವು. ಎಣಿಸಿದೆ. ಸರಿಯಾಗಿ ಏಳು! ನಗು ಬಂತು.

"ಎಷ್ಟು ಕಟ್ಟಲವ್ವಾ?"

ಎಲ್ಲಾ ಕಟ್ಟಿ ಅಜ್ಜ ಅಂದೆ.