ಗಂಡು ಬೇಕಾದ ದಡ, ಬೇಡವಾದ ಆಳ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೋಗೆ ಮೂರು ಗಂಟೆ ದಾರಿ. ಬರ್ಕ್ಸ್ ಪಾಸ್ ದಾಟಿದ್ದೇ ತಡ, ಹಸಿರು ಮಾಯವಾಗಿ ಒಣಹುಲ್ಲಿನ ಬಯಲು ಶುರು. ಟೆಕಾಪೋ ಸರೋವರದ ನೀಲಿ ನೋಡಲು ಬಸ್ಸುಗಟ್ಟಲೆ ಜನ. 1935ರ ಪುಟ್ಟ ಕಲ್ಲಿನ ಚರ್ಚಿನ ಮುಂದೆ ಫೋಟೋಗೆ ಪೈಪೋಟಿ. ನಾವೂ ಒಂದು ತೆಗೆದುಕೊಂಡು ಜಾಗ ಖಾಲಿ ಮಾಡಿದೆವು. ನನಗೆ ಬೇಕಿದ್ದದ್ದು ಪಕ್ಕದ ಅಲೆಕ್ಸಾಂಡ್ರೀನಾ ಸರೋವರ.

ಇಲ್ಲಿ ಮೋಟಾರ್ ದೋಣಿಗೆ ಅವಕಾಶವಿಲ್ಲ. ದಡದಲ್ಲಿ ಮೀನು ಹಿಡಿಯುವವರ ಪುಟ್ಟ ಮನೆಗಳು, ಒಂದಷ್ಟು ಬಾತುಕೋಳಿ. ಕೊರೆಯುವ ನೀರಿಗೆ ಕೈ ಹಾಕಿ ಕಲ್ಲೊಂದನ್ನು ಮಗುಚಿದೆ. ತಳದಲ್ಲಿ ಚೂಪು ತುದಿಯ, ಅರ್ಧ ಸೆಂಟಿಮೀಟರಿನಷ್ಟಿರುವ ಕಂದು ಬಸವನಹುಳುಗಳು. ಅಂಗೈಗೆ ಹಾಕಿಕೊಂಡೆ. ಸ್ವಲ್ಪ ಹೊತ್ತು ಸತ್ತಂತೆ ಬಿದ್ದಿದ್ದವು, ಆಮೇಲೆ ಒಂದು ಮೆಲ್ಲಗೆ ಮೀಸೆ ಹೊರಗೆ ಹಾಕಿತು.

"ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಅಂದಳು ಹೆಂಡತಿ.

ಹೌದು. ಈ ಜಾತಿಯಲ್ಲಿ ಎರಡು ಬಗೆ. ಒಂದರಲ್ಲಿ ಗಂಡು, ಹೆಣ್ಣು ಎರಡೂ ಉಂಟು, ಕೂಡಿಯೇ ಮರಿಯಾಗಬೇಕು. ಇನ್ನೊಂದರಲ್ಲಿ ಬರೀ ಹೆಣ್ಣು. ಗಂಡಿನ ಹಂಗಿಲ್ಲದೆ ತನ್ನಂಥದೇ ಹೆಣ್ಣುಮರಿ ಹಾಕುತ್ತದೆ. ಮೊದಲನೆಯದಕ್ಕೆ ಜೀನ್ ಹೊರುವ ವರ್ಣತಂತುಗಳ ಎರಡು ಸೆಟ್, ಎರಡನೆಯದಕ್ಕೆ ಸಾಮಾನ್ಯವಾಗಿ ಮೂರು. ನೋಡಿದರೆ ಯಾವುದು ಯಾವುದೆಂದು ಹೇಳಲಾಗದು.

ಲೆಕ್ಕ ಹಾಕಿದರೆ ಗಂಡು ದಂಡ. ಅದು ಮರಿ ಹಾಕುವುದಿಲ್ಲ. ಹೆಣ್ಣನ್ನೇ ಹೆರುವ ತಳಿ ಪೀಳಿಗೆಗೆ ಎರಡರಷ್ಟು ವೇಗದಲ್ಲಿ ಹೆಚ್ಚಿ ಎಲ್ಲವನ್ನೂ ಆಕ್ರಮಿಸಬೇಕಿತ್ತು, ಅಲ್ವಾ? ಆಗಿಲ್ಲ. ಯಾಕೆಂದು ಕರ್ಟಿಸ್ ಲೈವ್ಲಿ ಎಂಬ ಅಮೆರಿಕದ ವಿಜ್ಞಾನಿ 1980ರ ದಶಕದಲ್ಲಿ ಇಲ್ಲಿನ ಸರೋವರಗಳನ್ನೆಲ್ಲ ಜಾಲಾಡಿದರು. ಸಿಕ್ಕಿದ್ದು ಒಂದು ಪರಾವಲಂಬಿ ಹುಳ. ಅದು ಹೊಕ್ಕ ಬಸವನಹುಳುವಿಗೆ ಮತ್ತೆ ಮರಿಯಾಗುವುದಿಲ್ಲ. ಹುಳದ ವಂಶ ಬೆಳೆಯಲು ಆ ಬಸವನಹುಳುವನ್ನು ಬಾತುಕೋಳಿ ನುಂಗಬೇಕು, ಹೊಟ್ಟೆಯಲ್ಲಿ ಹುಳ ಬಲಿಯಬೇಕು, ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳಬೇಕು. ಈ ಕಾಟ ಜಾಸ್ತಿ ಇರುವ ಸರೋವರಗಳಲ್ಲೇ ಗಂಡುಗಳೂ ಜಾಸ್ತಿ ಕಂಡವು. 1987ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಇದು ನಮಗೆ ಗೊತ್ತಿರುವ ಕಥೆಯೇ. ನಂಜನಗೂಡಿನ ರಸಬಾಳೆಗೂ ವರ್ಣತಂತು ಮೂರು ಸೆಟ್. ಬೀಜವಿಲ್ಲ, ಬುಡದ ಕಂದು ಕಿತ್ತು ನೆಡಬೇಕು. ಹಾಗಾಗಿ ತೋಟದ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ. ಪನಾಮಾ ಸೊರಗು ರೋಗ ಒಂದಕ್ಕೆ ತಗುಲಿದರೆ ಮಿಕ್ಕವೂ ಅದಕ್ಕೆ ಸುಲಭದ ತುತ್ತು. ಬಸವನಹುಳುವಿನಲ್ಲೂ ಹಾಗೆಯೇ. ಯಾವ ಹೆಣ್ಣುತಳಿ ಹೆಚ್ಚುತ್ತದೋ ಅದನ್ನೇ ಹಿಡಿಯುವುದರಲ್ಲಿ ಹುಳ ಪಳಗುತ್ತದೆ. ಅಪ್ಪ ಅಮ್ಮ ಇಬ್ಬರ ಜೀನ್ ಬೆರೆತ ಮರಿಗಳು ಪ್ರತಿ ಸಲವೂ ಹೊಸ ಬೆರಕೆ. ಒಂದಕ್ಕೆ ಒಗ್ಗಿದ ಹುಳ ಇನ್ನೊಂದರಲ್ಲಿ ತಡವರಿಸುತ್ತದೆ.

ನನಗೆ ತುಂಬ ಹಿಡಿಸಿದ್ದು ಬೇರೆಯೇ. ಈ ಒಂದೇ ಸರೋವರದಲ್ಲಿ ಎರಡೂ ನಡೆಯುತ್ತಿದೆ. ಬಾತುಕೋಳಿ ಮೇಯುವುದು ದಡದ ಹತ್ತಿರ. ಅಲ್ಲಿ ಹುಳದ ಕಾಟ ಹೆಚ್ಚು, ಗಂಡು-ಹೆಣ್ಣಿನ ಬಗೆಯೂ ಹೆಚ್ಚು. ಆಳಕ್ಕೆ ಹೋದಂತೆ ಬಾತಿಲ್ಲ, ಹುಳ ಕಡಿಮೆ, ಹೆಣ್ಣುಗಳದೇ ರಾಜ್ಯ.

"ಅಂದ್ರೆ ಕಾಯಿಲೆ ಇಲ್ಲದಿದ್ರೆ ನೀವು ಬೇಡ" ಅಂದಳು. ತೀರಾ ತಪ್ಪೇನಲ್ಲ.

ಹೊರಡುವಾಗ ಬಸವನಹುಳುಗಳನ್ನು ನೀರಿಗೆ ಬಿಟ್ಟೆವು. ಇದೇ ಜಾತಿ ಅಮೆರಿಕದ ಐಡಹೋದ ಸ್ನೇಕ್ ನದಿಯಲ್ಲಿ 1987ರಲ್ಲಿ ಪತ್ತೆಯಾಯಿತು. ಅಲ್ಲಿ ಹಬ್ಬಿದ್ದು ಹೆಣ್ಣುತಳಿಯೇ, ಕಾಡುವ ಹುಳ ಜೊತೆಗೆ ಹೋಗಿರಲಿಲ್ಲ. ಹೊಟ್ಟೆಯಲ್ಲಿ ಮರಿ ಹೊತ್ತ ಒಂದೇ ಹೆಣ್ಣು ಸಾಕು, ಹೊಸ ಸಂಸಾರ ಹೂಡಲು. ಶೂ ತಳದ ಕೆಸರನ್ನು ಕಡ್ಡಿಯಿಂದ ಕೆರೆದು ತೆಗೆದು, ಒಣಗಿಸಿಕೊಂಡೇ ಕಾರು ಹತ್ತಿದೆವು.