ನಮ್ಮನೆ ಏರು ಹತ್ತೋ ಕಾರು ಯಾವ್ದು?

ನಮ್ಮ ಹಳೇ ಕಾರಿನ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರೋ ಸೀಲು) ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದ್ದೇ ತಡ, ಮನೇಲಿ ಎಲ್ರೂ ಒಂದೊಂದು ಕಾರಿನ ಹೆಸರು ಹೇಳೋಕೆ ಶುರು ಮಾಡಿದ್ರು. ಡಿಪ್‌ಸ್ಟಿಕ್ ಎಳೆದು ತೋರ್ಸಿದ್ರು, ಕಪ್ಪಗಿರ್ಬೇಕಾದ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿತ್ತು, ಅಂದ್ರೆ ಇಂಜಿನ್ ತಣ್ಣಗಿಡೋ ಕೂಲಂಟ್ ಹೋಗಿ ಆಯಿಲ್‌ಗೆ ಸೇರಿದೆ ಅಂತ. ಹೆಡ್ ಬಿಚ್ಚಿ ಲೇತಿಗೆ ಕಳಿಸಿ ಮಟ್ಟ ಮಾಡಿಸ್ಬೇಕು, ಕ್ರ್ಯಾಕ್ ಆಗಿದ್ರೆ ಹೆಡ್ಡೇ ಬೇರೆ ಹಾಕ್ಬೇಕು, ಹೇಗೂ ಬಿಚ್ಚಿದ ಮೇಲೆ ವಾಟರ್ ಪಂಪು, ಟೈಮಿಂಗ್ ಬೆಲ್ಟು, ಮೊದಲಿಂದಾನೂ ಶಬ್ದ ಮಾಡ್ತಿದ್ದ ಸಸ್ಪೆನ್ಷನ್ನು ಎಲ್ಲಾ ಸೇರ್ಕೊಳ್ಳತ್ತೆ. ಆರ್‌ಸಿಯ 15 ವರ್ಷ ಮುಗಿಯೋಕೂ ಹತ್ರ ಬಂದಿತ್ತು, ಆಮೇಲೆ ಎಫ್‌ಸಿ (ಗಾಡಿ ಓಡ್ಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ 5 ವರ್ಷಕ್ಕೆ ರಿನ್ಯೂವಲ್. ಗಾಡಿ ಮಾರಿದ್ರೆ ಬರೋ ದುಡ್ಡಿಗಿಂತ ರಿಪೇರಿ ಖರ್ಚೇ ಜಾಸ್ತಿ ಅಂತ ಗೊತ್ತಾದ್ಮೇಲೆ ಅಪ್ಪಯ್ಯನೇ "ಸಾಕು ಬಿಡಾ, ಬೇರೆ ನೋಡು" ಅಂದ್ರು.

ಸರಿ, ಯಾವ್ದು ನೋಡೋದು? ಯೂಟ್ಯೂಬ್ ಹಾಕಿದ್ರೆ ಸನ್‌ರೂಫ್, ದೊಡ್ಡ ಟಚ್‌ಸ್ಕ್ರೀನ್, ಆಂಬಿಯೆಂಟ್ ಲೈಟ್ ಇದರದ್ದೇ ಮಾತು. ನಂಗೆ ಬೇಕಾಗಿದ್ದು ನಮ್ಮನೆ ಏರು ಹತ್ತೋ ಗಾಡಿ, ಅಮ್ಮ ಒಬ್ಬರೇ ಹತ್ತಿ ಇಳಿಯೋಕಾಗೋ ಗಾಡಿ. ಇವೆರಡು ಮೊದ್ಲು, ಮಿಕ್ಕಿದ್ದು ಆಮೇಲೆ.

ನಮ್ದು ತೀರ್ಥಹಳ್ಳಿ ಕಡೆ. ಟಾರ್ ರೋಡ್ ಬಿಟ್ಟು ಒಳಗೆ ಮಣ್ಣು ದಾರಿ, ನಡುವೆ ಒಂದು ಏರು, ಒಂದು ಮಗ್ಗುಲಲ್ಲಿ ದರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಇನ್ನೊಂದು ಮಗ್ಗುಲಲ್ಲಿ ಚರಂಡಿ. ಮಳೆ ಹಿಡಿದ್ರೆ ಚಕ್ರದ ಜಾಡಲ್ಲಿದ್ದ ಮಣ್ಣು ಕೊಚ್ಕೊಂಡು ಹೋಗಿ ನಡುವೆ ದಿಬ್ಬ ಉಳಿಯತ್ತೆ, ಗಾಡಿ ಹೊಟ್ಟೆ ಉಜ್ಜೋದು ಅಲ್ಲೇ. ಸಾಲದ್ದಕ್ಕೆ ಈಗಿನ ಸಣ್ಣ ಕಾರುಗಳೆಲ್ಲಾ ಹೆಚ್ಚುಕಮ್ಮಿ ಫ್ರಂಟ್ ವೀಲ್ ಡ್ರೈವ್, ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯತ್ತೆ, ಡಿಕ್ಕೀಲಿ ಮೂಟೆ ಇದ್ರಂತೂ ಇನ್ನೂ ಜಾಸ್ತಿ, ಮುಂದಿನ ಚಕ್ರ ಹಗುರಾಗಿ ಕೆಸರಲ್ಲಿ ಸುಮ್ನೆ ತಿರುಗತ್ತೆ. ಅದಕ್ಕೆ ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲಕ್ಕೂ ಗಾಡಿ ಹೊಟ್ಟೆಗೂ ಇರೋ ಅಂತರ, ಎಷ್ಟು ಅಂತ ನೋಡೋದು ನಮಗೆ ಶೋಕಿ ಅಲ್ಲ. ಸ್ವಿಫ್ಟ್ 163 ಎಂಎಂ, ವ್ಯಾಗನ್ಆರ್ 165, ಎಕ್ಸ್‌ಟರ್ 185, ಪಂಚ್ 187, ಫ್ರಾಂಕ್ಸ್ 190. ಎರಡು ಸೆಂಟಿಮೀಟರ್‌ನಲ್ಲಿ ಏನಿದೆ ಅನ್ನೋರು ಜುಲೈನಲ್ಲಿ ಒಂದ್ಸಲ ನಮ್ಮನೆಗೆ ಬರ್ಬೇಕು.

ಭಾವ ಬೆಂಗಳೂರಲ್ಲಿ ಎಲೆಕ್ಟ್ರಿಕ್ ಓಡಿಸ್ತಾರೆ, ತುಂಬಾ ಖುಷಿಯಾಗಿದಾರೆ, ನೀನೂ ಅದೇ ತಗೋ ಅಂದ್ರು. ಬೆಂಗಳೂರಿಗೆ ಸರಿ ಭಾವ. ಇಲ್ಲಿ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದ್ರೆ ಎರಡು ಮೂರು ದಿನ ಕರೆಂಟ್ ಇರಲ್ಲ, ಇದ್ರೂ ವೋಲ್ಟೇಜ್ ಇರಲ್ಲ. 30 ಯೂನಿಟ್ ಬ್ಯಾಟರಿನ ಮನೆ ಪ್ಲಗ್‌ನಲ್ಲಿ 3 ಕಿಲೋವ್ಯಾಟ್ ಲೆಕ್ಕದಲ್ಲಿ ಚಾರ್ಜ್ ಮಾಡಿದ್ರೂ ಹತ್ತು ಗಂಟೆ ಬೇಕು. ರಾತ್ರಿ ಯಾರಿಗಾದ್ರೂ ಹುಷಾರಿಲ್ಲ, ಮಣಿಪಾಲಕ್ಕೆ ಹೊರಡ್ಬೇಕು ಅಂದ್ರೆ ಟ್ಯಾಂಕಲ್ಲಿ ಪೆಟ್ರೋಲ್ ಇರ್ಬೇಕು. ಇದೊಂದು ವಿಷಯದಲ್ಲಿ ನಾನು ರಾಜಿ ಆಗೋಕೆ ತಯಾರಿಲ್ಲ. ಡೀಸೆಲ್ ಅಭ್ಯಾಸ ಆದವ್ರಿಗೆ ಬೇಜಾರಾಗತ್ತೆ ನಿಜ, ಆದ್ರೆ 2020ರಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ್ಮೇಲೆ ಸಣ್ಣ ಡೀಸೆಲ್ ಕಾರುಗಳು ಒಂದೊಂದಾಗಿ ನಿಂತೇ ಹೋದ್ವು, ಮಾರುತಿಯವ್ರು ಪೂರ್ತಿ ಡೀಸೆಲ್ಲೇ ಬಿಟ್ರು.

ಇನ್ನು ದುಡ್ಡು. ಸೆಪ್ಟೆಂಬರ್ 2025ರಿಂದ ಸಣ್ಣ ಕಾರಿಗೆ ಜಿಎಸ್‌ಟಿ 18% ಆಗಿದೆ, ಆದ್ರೆ ಸಣ್ಣದು ಅನ್ನಿಸ್ಕೊಳೋಕೆ ಉದ್ದ 4 ಮೀಟರ್ ಒಳಗಿದ್ರೆ ಸಾಲಲ್ಲ, ಪೆಟ್ರೋಲ್ ಇಂಜಿನ್ 1200 ಸಿಸಿ ದಾಟ್ಬಾರ್ದು. ಬ್ರೆಝಾ ನೋಡಿ, ಉದ್ದ 4 ಮೀಟರ್ ಒಳಗೇ ಇದೆ, ಆದ್ರೆ ಇಂಜಿನ್ 1462 ಸಿಸಿ, ಹಂಗಾಗಿ ಅದಕ್ಕೆ ಜಿಎಸ್‌ಟಿ 40% ಬೀಳತ್ತೆ. ಇದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್, 5ರಿಂದ 10 ಲಕ್ಷದ ಗಾಡಿಗೆ 14%, 10 ದಾಟಿದ್ರೆ 17%, ಸೆಸ್ ಬೇರೆ. ಏಳು ಲಕ್ಷದ ಗಾಡಿಗೆ ಟ್ಯಾಕ್ಸೇ ಸುಮಾರು ಒಂದು ಲಕ್ಷ ಆಯ್ತಲ್ಲ! ಸೇಲ್ಸ್‌ನವ್ರು "ಇನ್ನು ಸ್ವಲ್ಪ ಹಾಕಿ ಸರ್, ಟಾಪ್ ಮಾಡೆಲ್ ಬರತ್ತೆ" ಅಂತಾರೆ, ಆ ಸ್ವಲ್ಪದಲ್ಲಿ 10 ಲಕ್ಷದ ಗೆರೆ ದಾಟಿದ್ರೆ ಪೂರ್ತಿ ಬೆಲೆ ಮೇಲೆ 17% ಬೀಳತ್ತೆ. ಎಕ್ಸ್-ಶೋರೂಮ್ ರೇಟ್ ಹಿಡ್ಕೊಂಡು ಲೆಕ್ಕ ಹಾಕ್ಬೇಡಿ, ಆನ್-ರೋಡ್ ಕೊಟೇಶನ್ ಬರ್ಸ್ಕೊಂಡು ಬನ್ನಿ.

ಶೋರೂಮಿಗೆ ಅಮ್ಮನ್ನ ಕರ್ಕೊಂಡೇ ಹೋಗಿದ್ದೆ. ಮಂಡಿ ನೋವು ಇರೋರು ಕಾರು ಹತ್ತೋದನ್ನ ಗಮನ ಇಟ್ಟು ನೋಡಿದ್ರೆ ಗೊತ್ತಾಗತ್ತೆ: ಮೊದ್ಲು ಬಾಗಿಲು ಹಿಡ್ಕೋತಾರೆ, ಆಮೇಲೆ ತಿರುಗಿ ಸೀಟಿಗೆ ಬೆನ್ನು ಕೊಟ್ಟು ಕೂತ್ಕೋತಾರೆ, ಕೊನೆಗೆ ಒಂದೊಂದೇ ಕಾಲನ್ನ ಕೈಯಲ್ಲಿ ಎತ್ತಿ ಒಳಗಿಡ್ತಾರೆ. ಸೀಟು ತಗ್ಗಿದ್ರೆ ಕುಸಿದು ಕೂರ್ಬೇಕು, ಏಳುವಾಗ ಮಂಡಿ ಮೇಲೇ ಭಾರ ಎಲ್ಲಾ. ಬಾಗಿಲು ಅರ್ಧ ತೆಗೆದು ನಿಂತ್ರೆ ಕಾಲು ತಿರುಗ್ಸೋಕೆ ಜಾಗ ಇರಲ್ಲ. ಪಂಚ್ ಬಾಗಿಲು 90 ಡಿಗ್ರಿ ತೆಗಿಯತ್ತೆ, ಸೀಟು ಸೊಂಟದ ಎತ್ತರಕ್ಕೇ ಸಿಕ್ತು, ಅಮ್ಮ ನನ್ನ ಕೈ ಹಿಡಿಯದೇ ಕೂತ್ರು, ಇಳಿದ್ರು, ಇನ್ನೊಂದ್ಸಲ ಕೂತು ನೋಡಿದ್ರು. ಎಕ್ಸ್‌ಟರ್‌ದು 4 ಸಿಲಿಂಡರ್ ಇಂಜಿನ್ ನಂಗೆ ಭಾಳ ನಯ ಅನ್ನಿಸ್ತು, ಓಡ್ಸೋ ಖುಷಿ ಒಂದೇ ಆಗಿದ್ರೆ ಅದೇ ತಗೋತಿದ್ನೇನೋ. ಆದ್ರೆ ಅಮ್ಮನ ಮುಖ ನೋಡಿದ್ಮೇಲೆ ಮನಸ್ಸು ಗಟ್ಟಿ ಆಯ್ತು. ಪಂಚ್ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಕ್ರ್ಯಾಶ್ ಟೆಸ್ಟ್‌ನಲ್ಲಿ 5 ಸ್ಟಾರ್ ಬಂದಿರೋ ಗಾಡಿ ಅನ್ನೋದೂ ಇತ್ತು, ಘಟ್ಟದಲ್ಲಿ ಎದುರಿಂದ ಬಸ್ಸು ಬರೋ ರೀತಿ ನೋಡಿದವ್ರಿಗೆ ಅದು ಸಣ್ಣ ವಿಷಯ ಅಲ್ಲ.

ಟೆಸ್ಟ್ ಡ್ರೈವ್ ಅಂದ್ರೆ ಶೋರೂಮ್ ಮುಂದಿನ ಹೈವೇಲಿ ಒಂದು ಸುತ್ತು ಅಂತ ಒಪ್ಕೋಬೇಡಿ. ನಾನು ಪಟ್ಟು ಹಿಡಿದು ಗಾಡಿನ ಮನೆವರೆಗೂ ತರ್ಸಿದೆ, ನಾಲ್ಕು ಜನ ಕೂತು ಏರಿನ ಮಧ್ಯ ನಿಲ್ಲಿಸಿ ಫಸ್ಟ್ ಗೇರಲ್ಲಿ ಮತ್ತೆ ಎತ್ತಿದ್ವಿ. ಕ್ಲಚ್ಚು ಗೇರು ತಾನೇ ನೋಡ್ಕೊಳೋ ಎಎಂಟಿನೂ ಓಡ್ಸಿದೆ, ಊರೊಳಗೆ ಆರಾಮು, ಆದ್ರೆ ನಮ್ಮ ಏರಲ್ಲಿ ಅರ್ಧ ಕ್ಲಚ್ ಎಷ್ಟು ಬಿಡ್ಬೇಕು ಅನ್ನೋದು ನನ್ನ ಕಾಲಲ್ಲೇ ಇರ್ಲಿ ಅನ್ನಿಸ್ತು. ಪಂಚ್ ಮ್ಯಾನುಯಲ್ಲೇ ಬುಕ್ ಮಾಡಿದೀವಿ.

ಹಳೇ ಕಾರು ಕೊಡೋರು ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ (ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಸಿಗೋ ರಿಯಾಯ್ತಿ) ಲೆಟರ್ ತಗೊಳೋದು ಮರೀಬೇಡಿ. ಕ್ಲೇಮ್ ಮಾಡದೇ 5 ವರ್ಷ ಆಗಿದ್ರೆ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗೋ ಹಾನಿಯ) ಪ್ರೀಮಿಯಂನಲ್ಲಿ 50% ಕಮ್ಮಿ ಆಗತ್ತೆ, ಅದು ಗಾಡಿದಲ್ಲ, ನಿಮ್ದು, ಹೊಸ ಕಾರಿಗೆ ಹಾಕ್ಸ್ಕೋಬಹುದು. ಗಾಡಿ ಹೆಸರು ಬದಲಾಯ್ಸೋ ಫಾರಂ 29, 30ಕ್ಕೆ ಸೈನ್ ಹಾಕಿ ಕೊಟ್ಟ ಮೇಲೂ ಆರ್‌ಸಿ ತಗೊಂಡವ್ರ ಹೆಸರಿಗೆ ಆಗೋವರೆಗೂ ಬೆನ್ನು ಬಿಡ್ಬೇಡಿ, ನಮ್ದು ಇನ್ನೂ ಆಗ್ಬೇಕು, ಸೋಮವಾರ ಶಿವಮೊಗ್ಗಕ್ಕೆ ಹೋಗಿ ವಿಚಾರಿಸ್ತೀನಿ.