ಮೂರು ಸಲ ಮುರಿದ ಕ್ರಾಸು

ಆ ಜೀಪಿಗೆ ಒಂದೇ ಮಳೆಗಾಲದಲ್ಲಿ ಮೂರು ಸಲ ಮುಂದಿನ ಆಕ್ಸಲ್ ಕ್ರಾಸ್, ಅಂದರೆ ಚಕ್ರ ಎತ್ತ ತಿರುಗಿದರೂ ಶಾಫ್ಟಿನ ಬಲ ಅದಕ್ಕೆ ಮುಟ್ಟಿಸುವ ಕೀಲು, ಹಾಕಿದ್ದೇನೆ. ಮೂರನೇ ಸಲ ಲೇಬರ್ ಚಾರ್ಜ್ ಕೇಳೋಕೆ ನನಗೇ ನಾಚಿಕೆಯಾಯಿತು.

ನನ್ನ ರಿಪೇರಿ ಶೆಡ್ಡು ಇರುವುದು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಲ್ಲಿ. ಬರುವುದೆಲ್ಲ ಹೆಚ್ಚಾಗಿ ತೋಟದ ಗಾಡಿಗಳು: ಮಹೀಂದ್ರದ ಎಂಎಂ 540, ಮೇಜರ್, ಆಗೊಂದು ಈಗೊಂದು ಜಿಪ್ಸಿ. ಈ ಕಥೆಯ ಜೀಪು ಒಂದು 540. ಗೊತ್ತಿಲ್ಲದವರಿಗೆ ಹೇಳುತ್ತೇನೆ, 540 ಅಂದರೆ ಎದೆ ಫ್ರಾನ್ಸಿನದು, ಕಾಲು ಅಮೆರಿಕದ್ದು. ಇಂಜಿನ್ ಪ್ಯೂಜೋದ 2112 ಸಿಸಿ ಡೀಸೆಲ್. ಕೆಳಗಿನ ಟ್ರಾನ್ಸ್‌ಫರ್ ಕೇಸು (ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಆಕ್ಸಲ್ ಹೌಸಿಂಗು ಎಲ್ಲ 1947ರಲ್ಲಿ ಮಹೀಂದ್ರದವರು ಜೋಡಿಸಲು ಶುರು ಮಾಡಿದ ವಿಲ್ಲೀಸ್ ಜೀಪಿನ ವಂಶದ್ದು. ಇಂಥ ಗಾಡಿ ಕೆಟ್ಟರೆ ಕಂಪ್ಯೂಟರ್ ಹಾಕಿ ನೋಡುವಂತಿಲ್ಲ. ಕಿವಿ, ಕೈ, ಮೂಗು ಇಷ್ಟೇ.

ಮೊದಲ ಸಲ ಕ್ರಾಸ್ ಹೋದಾಗ ತಪ್ಪನ್ನು ಸ್ಪೇರಿನ ಮೇಲೆ ಹಾಕಿದೆ. ಈಗ ಬರುವ ಮಾಲು ಅಷ್ಟಕ್ಕಷ್ಟೇ ಅಂತ ನಾನು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ, ಅದೊಂದು ಅನುಕೂಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ದುಬಾರಿ ಕ್ರಾಸ್ ತರಿಸಿ ಹಾಕಿದೆ. ಇಪ್ಪತ್ತೈದು ದಿನಕ್ಕೆ ಅದೂ ಹೋಯಿತು. ಈ ಸಲ ತಪ್ಪನ್ನು ಡ್ರೈವರಣ್ಣನ ಮೇಲೆ ಹಾಕಿದೆ. "ಕ್ಲಚ್ ಒಮ್ಮೆಲೆ ಬಿಡ್ತೀರಾ ಅಂತ ಕಾಣುತ್ತೆ" ಅಂದೆ. ನನಗಿಂತ ಹದಿನೈದು ವರ್ಷ ದೊಡ್ಡವರು, ಅದೇ ಜೀಪನ್ನು ಇಪ್ಪತ್ತು ವರ್ಷದಿಂದ ಓಡಿಸುವವರು. ಏನೂ ಹೇಳಲಿಲ್ಲ, ಬೀಡಿ ಹಚ್ಚಿಕೊಂಡು ಆಚೆ ಹೋದರು. ಆ ಮಾತು ಆಡಬಾರದಿತ್ತು.

ಮೂರನೇ ಸಲ ಜೀಪು ತೋಟದಲ್ಲೇ ನಿಂತಿತ್ತು. ತೋಟದ ಲೆಕ್ಕ ನೋಡುವ ರೈಟರು ಫೋನ್ ಮಾಡಿ, "ಮಾರಾಯ, ಫೋರ್ ವೀಲ್ ಲಿವರ್ ಹಿಂದಕ್ಕೇ ಬರ್ತಿಲ್ಲ, ಒಳಗೆ ಎಂತದೋ ಕಟ್ ಅಂತು" ಅಂದರು. ಸ್ಪಾನರ್ ಚೀಲ ಹೇರಿಕೊಂಡು ಹೋದೆ. ಜೀಪು ಹೇರ್‌ಪಿನ್ ತಿರುವು ದಾಟಿ ನಿಂತಿತ್ತು, ಹಿಂದೆ ಎಂಟು ಮೂಟೆ ಗೊಬ್ಬರ. ಎಡಗಡೆಯ ಕ್ರಾಸು ಹೋಗಿ ಅಲ್ಲೇ ಸಿಕ್ಕಿಕೊಂಡಿದೆ ಅಂತ ಆಮೇಲೆ ಬಿಚ್ಚಿದಾಗ ಗೊತ್ತಾಯಿತು, ಹಾಗಾಗಿ ಲಿವರ್ ಇನ್ನೂ ಬಿಗಿಯಾಗಿಯೇ ಇತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಬಲಗಡೆ ಮುಂದಿನ ಚಕ್ರಕ್ಕೆ ಜಾಕ್ ಏರಿಸಿದೆ. ಟೈರು ನೆಲ ಬಿಟ್ಟಿದ್ದೇ ತಡ, ಯಾರೂ ಮುಟ್ಟದೆ, ಗೇರಿನಲ್ಲಿ ನಿಂತ ಗಾಡಿಯ ಚಕ್ರ ಟಪ್ ಅಂತ ಹಿಂದಕ್ಕೆ ತಿರುಗಿತು. ಕೈ ಹತ್ತಿರ ಇದ್ದಿದ್ದರೆ ಬೆರಳು ಹೋಗುತ್ತಿತ್ತು. ಆಮೇಲೆ ಲಿವರ್ ಒಂದೇ ಬೆರಳಿಗೆ ಹಿಂದಕ್ಕೆ ಬಂತು.

ಆಗ ನಾನು ನೆಲ ನೋಡಿದೆ. ಸಿಮೆಂಟು.

ಈ ದಾರಿಗೆ ನಾನು ಕೊನೆ ಸಲ ಬಂದಾಗ ಬುಡದಿಂದ ತುದಿವರೆಗೆ ಕೆಂಪು ಮಣ್ಣು, ಅಲ್ಲಲ್ಲಿ ಕಲ್ಲು ಹಾಸು. ಏರು ಇರುವ ಎರಡು ಕಡೆ ಈಗ ಕಾಂಕ್ರೀಟ್ ಆಗಿದೆ. ಡ್ರೈವರಣ್ಣ ಮಾತ್ರ ಹಳೆ ಅಭ್ಯಾಸದಲ್ಲೇ ಇದ್ದರು. ಕಣದ ಹತ್ತಿರ ಫೋರ್ ವೀಲ್ ಹಾಕಿದರೆ ಮೇಲಿನ ತೋಟ ಮುಟ್ಟುವವರೆಗೂ ತೆಗೆಯುವುದಿಲ್ಲ. ಮಣ್ಣಿನಲ್ಲಿ ಅದು ತಪ್ಪೂ ಅಲ್ಲ.

ಹಳೆ ಜೀಪಿನ ಫೋರ್ ವೀಲಿನಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೂ ಹಿಂದಿನದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಇಲ್ಲ. ಲಿವರ್ ಹಾಕಿದ ಮೇಲೆ ಎರಡೂ ಒಂದೇ ಸಮ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹೊರಗಿನ ದೊಡ್ಡ ಸುತ್ತು ಹಾಕುತ್ತದೆ, ಹಿಂದಿನದು ಒಳಗಿನ ಸಣ್ಣ ಸುತ್ತು. ಈ ವ್ಯತ್ಯಾಸ ಎಲ್ಲಾದರೂ ಹೋಗಬೇಕಲ್ಲ? ಮಣ್ಣಿನಲ್ಲಿ ಟೈರು ಅಷ್ಟು ಜಾರಿ ಸರಿಮಾಡಿಕೊಳ್ಳುತ್ತದೆ. ಸಿಮೆಂಟು ಬಿಡುವುದಿಲ್ಲ. ಹಗ್ಗ ಹುರಿ ಹಾಕಿದ ಹಾಗೆ ಶಾಫ್ಟು, ಗೇರು, ಕ್ರಾಸು ಎಲ್ಲ ಒಳಗೊಳಗೇ ಬಿಗಿಯುತ್ತ ಹೋಗುತ್ತದೆ, ಸಾಲಿನಲ್ಲಿ ಯಾವುದು ಬಡವೋ ಅದು ಮುರಿಯುತ್ತದೆ. ಚಕ್ರ ಟಪ್ ಅಂದದ್ದು ಆ ಹುರಿ ಬಿಚ್ಚಿದ್ದಕ್ಕೆ. ಜಾಕ್ ಇಲ್ಲದಿದ್ದರೆ ನಾಲ್ಕೈದು ಮೀಟರ್ ನೇರ ರಿವರ್ಸ್ ಹೋದರೂ ಬಹಳ ಸಲ ಬಿಡುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ತಪ್ಪನ್ನು ರಸ್ತೆಯ ಮೇಲೆ ಹಾಕಿ ಮನೆಗೆ ಬರುತ್ತಿದ್ದೆ. ಜಾಕ್ ಇಳಿಸುವಾಗ ಟೈರಿನ ನಂಬರ್ ಕಣ್ಣಿಗೆ ಬಿತ್ತು. ಮುಂದೆ ಸವೆದ 215/75, ಹಿಂದೆ ಹೊಸ 235/75, ನಾಲ್ಕೂ ಹದಿನೈದರ ರಿಮ್ಮು. ಹಿಂದೆ ಲೋಡ್ ಬೀಳುತ್ತದೆ, ಹಿಂದಕ್ಕಷ್ಟೇ ದಪ್ಪದ್ದು ಹಾಕಿಸಿ, ಮುಂದಿನದು ಇನ್ನೂ ಒಂದು ವರ್ಷ ಬರುತ್ತೆ ಅಂತ ತೋಟದ ಸಾಹುಕಾರರಿಗೆ ಹೇಳಿದವನು ನಾನೇ. ಅವರಿಗೆ ದುಡ್ಡು ಉಳಿಸಿದ ಖುಷಿ ಬೇರೆ ಇತ್ತು ನನಗೆ.

ಶೆಡ್ಡಿಗೆ ಬಂದು ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಹೊಸದಾಗಿದ್ದಾಗ 215ರ ಎತ್ತರ ಸುಮಾರು 703 ಮಿಲಿಮೀಟರ್, 235ರದು 733. ಒಂದು ಕಿಲೋಮೀಟರಿಗೆ ಸಣ್ಣದು ಹತ್ತಿರ ಹತ್ತಿರ 452 ಸುತ್ತು ತಿರುಗಬೇಕು, ದೊಡ್ಡದು 434. ಹದಿನೆಂಟು ಸುತ್ತಿನ ಜಗಳ, ಅದೂ ನೇರ ರಸ್ತೆಯಲ್ಲಿ! ಆಕ್ಸಲಿನ ಒಳಗಿನ ಕ್ರೌನ್ ಗೇರಿನ ರೇಷಿಯೋ ಸೇರಿಸಿದರೆ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಅದರ ನಾಲ್ಕೈದು ಪಟ್ಟು. ಮುಂದಿನದು ಸವೆದಿದ್ದರಿಂದ ಇನ್ನೂ ಹೆಚ್ಚೇ. ಜೊತೆಗೆ ಹೇರ್‌ಪಿನ್. ಎರಡೂ ಒಂದೇ ದಿಕ್ಕಿಗೆ ಹುರಿ ಹಾಕುತ್ತಿದ್ದವು. ಚಿನ್ನದ ಕ್ರಾಸ್ ಹಾಕಿದ್ದರೂ ನಿಲ್ಲುತ್ತಿರಲಿಲ್ಲ.

ಮರುದಿನ ಡ್ರೈವರಣ್ಣನ ಹತ್ತಿರ ತಪ್ಪೊಪ್ಪಿಕೊಂಡೆ. "ನಾನು ಅವತ್ತೇ ಹೇಳಿದ್ದೆ, ಟೈರು ಹಾಕಿದ ಮೇಲೆ ಸ್ಟೇರಿಂಗು ಎಳೀತದೆ ಅಂತ. ನೀನು ಗ್ರೀಸ್ ಹೊಡೆದು ಕಳಿಸಿದೆ" ಅಂದರು. ನಿಜ, ಹೇಳಿದ್ದರು. ಮುಂದಿನ ಚಕ್ರ ಆಚೀಚೆ ತಿರುಗುವ ಕಿಂಗ್ ಪಿನ್ ಬಿಗಿಯಾಗಿರಬೇಕು ಅಂದುಕೊಂಡು ಗ್ರೀಸ್ ಗನ್ ತಗೊಂಡಿದ್ದೆ.

ಈಗ ಯಾವ ಫೋರ್ ವೀಲ್ ಗಾಡಿ ಬಂದರೂ ಸ್ಪಾನರ್ ಮುಟ್ಟುವ ಮೊದಲು ಪಕ್ಕದ ಸೀಟಿನಲ್ಲಿ ಕೂತು, ಅದು ದಿನಾ ಹೋಗುವ ದಾರಿಯಲ್ಲೇ ಒಂದು ಸುತ್ತು ಹೋಗಿ ಬರುತ್ತೇನೆ. ಗಿರಾಕಿಗೆ ಇದು ಹೊತ್ತು ಕಳೆಯುವ ಹಾಗೆ ಕಾಣುತ್ತದೆ, ಕಾಣಲಿ. ಟೈರಿನ ಮೇಲೆ ಬರೆದ ನಂಬರನ್ನೂ ಪೂರ್ತಿ ನಂಬುವುದಿಲ್ಲ. ಟೈರಿಗೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಗಾಡಿ ತಳ್ಳಿ, ಒಂದು ಸುತ್ತಿಗೆ ನೆಲದ ಮೇಲೆ ಎಷ್ಟು ಉದ್ದ ಹೋಯಿತು ಅಂತ ಟೇಪಿನಲ್ಲಿ ಅಳೆಯುತ್ತೇವೆ. ಶೆಡ್ಡಿನ ಹುಡುಗರಿಗೆ ಇದು ಆಟ.

ಬೆಂಗಳೂರಿನಿಂದ ಜಿಪ್ಸಿ ತರುವ ಹುಡುಗರು ಕೇಳುವುದೇ ಬೇರೆ: ಎತ್ತರಿಸಿ, ದೊಡ್ಡ ಟೈರು ಹಾಕಿ, ಇಂಜಿನ್ ಬದಲಾಯಿಸಿ. ಬೇರೆ ಕಂಪನಿಯ ಇಂಜಿನ್ ಕೂರಿಸುವ ಕೆಲಸ ನಾನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟೂ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧ ಗಾಡಿ ಬದಲಾಯಿಸುವಂತಿಲ್ಲ ಅಂದಿದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲು ಹೋದಾಗ ಸಿಕ್ಕಿಬೀಳುವವನು ಗಾಡಿಯ ಯಜಮಾನ, ಆಮೇಲೆ ಅವನು ಹುಡುಕಿಕೊಂಡು ಬರುವುದು ನನ್ನನ್ನು.

ಅವರಿಗೆ ನಾನೇ ಕೇಳಿ ಹಾಕಿಕೊಡುವ ಒಂದು ಕೆಲಸ ಇದೆ. ಯಾರಿಗೂ ಕಾಣುವುದಿಲ್ಲ, ಫೋಟೋಗೂ ಬರುವುದಿಲ್ಲ. ಆಕ್ಸಲ್ ಹೌಸಿಂಗಿನ ಮೇಲೆ ಗಾಳಿ ಆಡಲು ಬ್ರೀದರ್ ಅಂತ ಇರುತ್ತದೆ. ಓಡಿ ಕಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಎಳೆಯಲು ಶುರು ಮಾಡುತ್ತದೆ. ಬ್ರೀದರ್ ಕೆಸರು ಕಟ್ಟಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರು ಕುಡಿಯುತ್ತದೆ. ಆಮೇಲೆ ಬಿಚ್ಚಿದರೆ 90 ನಂಬರ್ ಗೇರ್ ಆಯಿಲು ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿರುತ್ತದೆ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಕಟ್ಟಿದರೆ ಸಾಕು. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ನಾನು ಹೆಚ್ಚು ಮಾಡುವ ಮಾಡಿಫಿಕೇಷನ್ ಇದೇ.

ಆ 540ಕ್ಕೆ ನಾಲ್ಕೂ ಒಂದೇ ಸೈಜಿನ ಟೈರು ಬಂತು, ಹಾಕಿದ ಲೇಬರ್ ತಗೊಳ್ಳಲಿಲ್ಲ. ಸಿಮೆಂಟ್ ಶುರುವಾಗುವ ಹಲಸಿನ ಮರದ ಹತ್ತಿರ ಡ್ರೈವರಣ್ಣ ಲಿವರ್ ತೆಗೆಯುತ್ತಾರೆ, ಮಣ್ಣು ಬಂದಾಗ ಮತ್ತೆ ಹಾಕುತ್ತಾರೆ. ಎರಡು ಮಳೆಗಾಲ ಕಳೆಯಿತು, ಅದೇ ಕ್ರಾಸ್ ಇದೆ.

ಮೊನ್ನೆ ಆಯಿಲ್ ಬದಲಾಯಿಸಲು ಬಂದವರು ಇನ್ನೊಂದು ತಲೆನೋವು ತಂದರು. ಉಳಿದ ಮಣ್ಣಿನ ಏರಿಗೂ ಸಿಮೆಂಟ್ ಹಾಕಿಸುತ್ತಾರಂತೆ. "ಆ ಏರಿಗೆ ಲೋಡ್ ಇದ್ರೆ ಲೋ ಗೇರು ಬೇಕೇ ಬೇಕು. ಫೋರ್ ವೀಲ್ ಹಾಕದೆ ಲೋ ಬೀಳಲ್ಲ. ಎಂತ ಮಾಡೂದು?" ಅಂದರು. ಸರಿಯಾದ ಪ್ರಶ್ನೆ. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಬೀಳಬೇಕಾದರೆ ಮುಂದಿನ ಡ್ರೈವ್ ಹಾಕಿರಲೇಬೇಕು, ಒಳಗೆ ತಡೆ ಇದೆ. ಮುಂದಿನ ಚಕ್ರಕ್ಕೆ ಫ್ರೀ ವೀಲಿಂಗ್ ಹಬ್ ಕೂರಿಸಿ ಅದನ್ನು ಬಿಡಿಸಿಟ್ಟರೆ ಲಿವರ್ ಹಾಕಿದರೂ ಚಕ್ರಕ್ಕೂ ಶಾಫ್ಟಿಗೂ ಸಂಬಂಧ ಇರುವುದಿಲ್ಲ, ಸಿಮೆಂಟಿನ ಮೇಲೆ ಲೋನಲ್ಲೇ ಹತ್ತಬಹುದು. ಆದರೆ ಲೋ ಗೇರಿನ ಎಳೆತವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೇ ಬೀಳುತ್ತದೆ, ಎಂಟು ಮೂಟೆ ಐದಕ್ಕೆ ಇಳಿಯಬೇಕು. ಹಬ್ ಹುಡುಕುತ್ತಿದ್ದೇನೆ. ಮೂಟೆ ಇಳಿಸಲು ಸಾಹುಕಾರರನ್ನು ಒಪ್ಪಿಸುವ ಕೆಲಸ ರೈಟರಿಗೆ ಬಿಟ್ಟಿದ್ದೇನೆ.